ಶನಿವಾರದ ಹೀಬ್ರೂ

ನನ್ನ ನೆನಪನ್ನು ನಾನೇ ನಂಬುವುದಿಲ್ಲ. ನೀವು ನಂಬಿದರೆ ಅದು ನಿಮ್ಮ ಔದಾರ್ಯ. ಐನೂರು ವರ್ಷದ ಹಿಂದೆ ಯುರೋಪಿನಲ್ಲೊಬ್ಬ ಪಂಡಿತನಿದ್ದ. ಹೆಸರು ನಾಲಿಗೆಯ ತುದಿಯಲ್ಲೇ ಇದೆ, ಅಲ್ಲೇ ಇರಲಿ. ಅನುವಾದಗಳನ್ನು ನಂಬದ ಆತ ಧರ್ಮಗ್ರಂಥವನ್ನು ಮೂಲದಲ್ಲೇ ಓದಬೇಕೆಂದು ಯಹೂದಿ ವೈದ್ಯನೊಬ್ಬನ ಮುಂದೆ ಕೂತು ಹೀಬ್ರೂ ಕಲಿತ. ಕಾಲೇಜಿನಲ್ಲಿ ವರ್ಷಗಟ್ಟಲೆ ಅವನ ಬಗ್ಗೆ ಪಾಠ ಹೇಳಿದ ಮೇಲೆ ನನಗೆ ಹೊಳೆಯಿತು: ಅವನ ಕತೆಯನ್ನು ನಾನು ಓದಿದ್ದೇ ಇಂಗ್ಲಿಷ್ ಅನುವಾದದಲ್ಲಿ! ನಾಚಿಕೆಯಾಗಿ, ನಾನೂ ಹೀಬ್ರೂ ಕಲಿಯಲು ಹೊರಟೆ.

ಥಾಣೆಯಲ್ಲಿ ಡೇವಿಡ್ ಮಾಸ್ತರ್ ಸಿಕ್ಕರು. ಕೊಂಕಣದ ಯಹೂದಿ, ಮನೆಮಾತು ಮರಾಠಿ, ನಿವೃತ್ತ ಗಣಿತದ ಮೇಷ್ಟ್ರು. ದೀಪಾವಳಿಯ ಹೊತ್ತಿಗೆ ಇಸ್ರೇಲಿನ ಮಗನ ಮನೆಗೆ ಹೊರಟುಹೋಗುವವರು. ಅಷ್ಟರೊಳಗೆ ಒಂದು ಪ್ರಾರ್ಥನೆಯನ್ನಾದರೂ ಕಲಿಯಬೇಕಿತ್ತು. ಪಂಚಾಂಗ ನಂಬದ ನಾನು ವಿದ್ಯಾರಂಭಕ್ಕೆ ಮಾತ್ರ ಒಳ್ಳೆಯ ದಿನ ಹುಡುಕಿದೆ: ಅವರಿಗೆ ಪವಿತ್ರವಾದ ಶನಿವಾರ. ಹೋಗಿ ಕೂತು ಜೇಬಿನಿಂದ ಪೆನ್ನು ತೆಗೆದೆ.

‘ಅರೇ ಪ್ರೊಫೆಸರ್, ಪೆನ್ ನಕೋ! ಶನಿವಾರ ನಾವು ಬರೆಯೋದಿಲ್ಲ.’

‘ಹಾಗಾದರೆ ನಾಳೆ ಬರಲೇ?’

‘ಮಿಕ್ಕ ದಿನವೆಲ್ಲ ಹುಡುಗರ ಟ್ಯೂಷನ್. ಬಾಯಿಪಾಠ ಮಾಡಿ, ದಾರಿಯಲ್ಲೂ ಬರೆಯಬೇಡಿ. ನೀವು ಬ್ರಾಹ್ಮಣರಲ್ಲವೇ?’

ಅಜ್ಜ ಕಲಿಸಿದ ಸಂಧ್ಯಾವಂದನೆಯನ್ನು ಪದವಿ ಸಿಕ್ಕ ವರ್ಷವೇ ಬಿಟ್ಟ ಬ್ರಾಹ್ಮಣ ನಾನು. ವಾಪಸು ಲೋಕಲ್ ರೈಲಿನಲ್ಲಿ ಮುಲುಂಡ್ ದಾಟುವಾಗ ಕಡೆಯ ಪದ ಹೋಯಿತು, ಘಾಟ್ಕೋಪರ್‌ನಲ್ಲಿ ನಡುವಿನದು. ಸಯನ್‌ನಲ್ಲಿ ಇಳಿದಾಗ ಕೈಯಲ್ಲಿ ಕೊಡೆ, ಬಾಯಲ್ಲಿ ಮೊದಲ ಪದ ಮಾತ್ರ ಉಳಿದಿತ್ತು.

‘ಏನು ತಂದ್ರಿ?’ ಎಂದಳು ಹೆಂಡತಿ.

‘ಒಂದು ಪದ.’

‘ತರಕಾರಿ ಎಲ್ಲಿ ಬಿಟ್ರಿ?’

ಹಲವು ಶನಿವಾರ ಹೀಗೇ ಸೋರಿಹೋದವು. ಕೊನೆಗೆ ಬೇರೆ ದಾರಿ ಕಾಣದೆ ಹೀಬ್ರೂ ಪದಗಳಿಗೆ ಅಜ್ಜನ ಮಂತ್ರದ ಸ್ವರ ಹಚ್ಚಿದೆ. ಆಶ್ಚರ್ಯ, ಸಯನ್‌ವರೆಗೂ ನಿಂತವು!

ಮಾಸ್ತರ್ ಹೊರಡುವ ದಿನ ಭಾನುವಾರ. ಕೆಳಗೆ ಟ್ಯಾಕ್ಸಿ ಕಾಯುತ್ತಿತ್ತು. ‘ಕೊಡಿ ಪೆನ್ನು. ನೀವು ಹೇಳಿ, ತಿದ್ದಿ ಬರೆದುಕೊಡ್ತೇನೆ’ ಎಂದರು. ಪೂರ್ತಿ ಹೇಳಿದೆ. ಅವರು ಬರೆಯಲಿಲ್ಲ, ಕಣ್ಣು ಮುಚ್ಚಿ ಕೂತಿದ್ದರು.

‘ಇದು ಯಾರ ರಾಗ?’

‘ನಮ್ಮಜ್ಜನದು.’

‘ಇನ್ನೊಮ್ಮೆ ಹೇಳಿ.’

ಇನ್ನೊಮ್ಮೆ ಹೇಳಿ ಮುಗಿಸುವಷ್ಟರಲ್ಲಿ ಟ್ಯಾಕ್ಸಿಯ ಹಾರ್ನ್. ಒಂದಕ್ಷರ ಬರೆಯದೆ ನನ್ನ ಪೆನ್ನು ಅವರ ಕೈಯಲ್ಲೇ ಇಸ್ರೇಲಿಗೆ ಹೋಯಿತು.

ಆಮೇಲೆ ಫೋರ್ಟ್‌ನ ಫುಟ್‌ಪಾತಿನಲ್ಲಿ ಅದೇ ಪ್ರಾರ್ಥನೆಯ ಹಳೆಯ ಪುಸ್ತಕ ಸಿಕ್ಕಿತು, ಇಂಗ್ಲಿಷ್ ಅಕ್ಷರದಲ್ಲಿ ಉಚ್ಚಾರದ ಸಮೇತ. ಕೊಂಡು ತಂದೆ. ನಾನು ಹೇಳುತ್ತಿರುವುದು ಸರಿಯೋ ತಪ್ಪೋ ಎಂದು ಐದು ನಿಮಿಷದಲ್ಲಿ ತಿಳಿದುಬಿಡಬಹುದು. ಆ ಪಂಡಿತನಾಗಿದ್ದರೆ ಫುಟ್‌ಪಾತಿನಲ್ಲೇ ನಿಂತು ನೋಡುತ್ತಿದ್ದ. ನನಗೋ, ಅದನ್ನು ತೆರೆಯಲು ಬಿಡುವಾಗುವುದು ಶನಿವಾರ ಮಾತ್ರ. ಆ ದಿನ ನನ್ನ ಸಂಶಯಕ್ಕೂ ರಜೆ.