ಊರ ಹೆಸರು ಹಾಕದ ಪುಡಿ

ಪಕ್ಕದ ಮನೆ ಅಂಕಲ್ ಮೂಗು ಉದ್ದ, ತುದೀಲಿ ಸ್ವಲ್ಪ ಎಡಕ್ಕೆ ತಿರುಗಿತ್ತು. ಚಿಕ್ಕೋರಿದ್ದಾಗ ಮಂಗಳೂರಲ್ಲಿ ಕ್ರಿಕೆಟ್ ಬಾಲ್ ಬಿದ್ದಿತ್ತಂತೆ. ಸಿಡ್ನಿ ಹತ್ರ ಟೂಂಗಾಬಿಯ ನಮ್ಮ ಗರಾಜಲ್ಲಿ ನಾನೂ ನನ್ನ ಹೆಂಡ್ತೀನೂ ಹುಳಿಪುಡಿಗೆ ಮೆಂತ್ಯ ಹುರಿಯೋಕೆ ಶುರು ಮಾಡಿದ್ರೆ ಸಾಕು, ಫೆನ್ಸ್ ಮೇಲೆ ಮೊದ್ಲು ಆ ಮೂಗು ಕಾಣೋದು. ಆಮೇಲೆ ಕನ್ನಡಕ, ಆಮೇಲೆ ನಗು.

"ಮೆಂತ್ಯ ಒಂದು ಚೂರು ಜಾಸ್ತಿ ಕೆಂಪಾಯ್ತು ಮಾರಾಯ," ಅನ್ನೋರು. ಬಾಣಲೆ ನೋಡಿದ್ರೆ ಆಗಿರೋದು.

ಮೆಲ್ಬರ್ನ್‌ನಲ್ಲಿ ಒಂದು ವೈನ್ ಅಂಗಡೀಲಿ ತುಂಬಾ ವರ್ಷ ಕೆಲಸ ಮಾಡಿದೋರು ಅವರು. ರಿಟೈರ್ ಆದ್ಮೇಲೆ ಸಿಡ್ನಿಗೆ ಮಗಳ ಮನೆಗೆ ಬಂದಿದ್ರು. ನಾನು ಕುಡಿಯೋನಲ್ಲ. ಅದು ಗೊತ್ತಿದ್ದೂ ಒಂದು ಭಾನುವಾರ ಚರ್ಚ್ ಮುಗಿಸ್ಕೊಂಡು ಒಂದು ಗಿಡ್ಡ ದಪ್ಪ ಬಾಟಲಿ, ಒಂದು ಗ್ಲಾಸು ಹಿಡ್ಕೊಂಡು ನಮ್ಮನೆಗೆ ಬಂದ್ರು.

"ಕುಡೀಬೇಡ. ಮೂಸು, ಸಾಕು."

ಮೂಸಿದೆ. ಅಕ್ರೋಟು, ಅದರ ಹಿಂದೇನೇ ಹುರಿದ ಮೆಂತ್ಯ. ನನ್ನ ಹೆಂಡ್ತಿ ಮೂಸಿ, "ನಮ್ಮ ಪುಡಿ ಡಬ್ಬದ ವಾಸ್ನೆ ರೀ ಇದು," ಅಂದ್ಲು.

"ಅದಕ್ಕೇ ನಾನು ನಿಮ್ಮ ಫೆನ್ಸ್ ಬಿಡುವುದಿಲ್ಲ," ಅಂದ್ರು ಅಂಕಲ್.

ಫ್ರಾನ್ಸಲ್ಲಿ ಶಾತೋ ಶಾಲೋಂ ಅಂತ ಒಂದು ಪುಟ್ಟ ಹಳ್ಳಿ, ಬಂಡೆ ಮೇಲೆ ಕೂತಿದೆಯಂತೆ. ಕೆಳಗಿನ ಇಳಿಜಾರಲ್ಲಿ ಬೆಳೆಯೋ ಒಂದೇ ಜಾತಿ ಬಿಳಿ ದ್ರಾಕ್ಷಿಯಿಂದ ಈ ಹಳದಿ ವೈನ್ ಮಾಡಿ ಊರ ಹೆಸರಲ್ಲೇ ಮಾರ್ತಾರೆ. ಬೇರೆ ಕಡೆ ಪೀಪಾಯಿಲಿ ವೈನ್ ಇಳಿದಂಗೆಲ್ಲ ಮೇಲಿಂದ ತುಂಬಿಸ್ತಾರಂತೆ. ಇಲ್ಲಿ ತುಂಬಿಸಲ್ಲ. ಹಾಲಿಗೆ ಕೆನೆ ಕಟ್ಟಿದಂಗೆ ಮೇಲೊಂದು ಪೊರೆ ಕಟ್ಟುತ್ತೆ, ಆರು ವರ್ಷಕ್ಕೂ ಹೆಚ್ಚು ಹಂಗೇ ಬಿಡ್ತಾರೆ. ಅಂಕಲ್ ಒಂದ್ಸಲ ಆಂಟಿ ಜೊತೆ ಅಲ್ಲಿಗೆ ಹೋಗಿದ್ರು. ಆಂಟಿ ತೀರ್ಕೊಂಡು ವರ್ಷಗಳಾಗಿದ್ರೂ ಆ ಊರಿನ ಮಾತು ಬಂದ್ರೆ "ನಾವು" ಅಂತಲೇ ಹೇಳೋರು.

ಮುಂದಿನ ವರ್ಷ ನಮ್ಮ ಪುಡಿಗೆ ಮೊದಲನೇ ದೊಡ್ಡ ಆರ್ಡರ್ ಬಂತು. ಸ್ಟೇಷನ್ ಹತ್ರ ನಮ್ಮ ಕಡೆಯೋರದ್ದೇ ಒಂದು ಅಂಗಡಿ. ದೀಪಾವಳಿಗೆ ಒಂದು ಶೆಲ್ಫ್ ಪೂರ್ತಿ ಕೊಡ್ತೀನಿ ಅಂದ್ರು. ವೇರ್‌ಹೌಸ್ ಕೆಲಸ ಬಿಟ್ಟು ಪುಡಿನೇ ನಂಬ್ಕೋಬೋದಾ ಅನ್ನೋದು ಆ ಶೆಲ್ಫ್ ಮೇಲೆ ನಿಂತಿತ್ತು. "ಅರಸೀಕೆರೆ ಹುಳಿಪುಡಿ" ಅಂತ ನಮ್ಮೂರ ಹೆಸರು ಹಾಕಿ ಲೇಬಲ್ ಮಾಡಿಸಿದ್ವಿ. ಆದ್ರೆ ಆ ಸಲ ಬಂದ ಬ್ಯಾಡಗಿ ಮೆಣಸಿನಕಾಯಿ ಹಳೇದು. ಬಣ್ಣ ಮಂಕು, ಘಮ ಇಲ್ಲ. ಪುಡಿ ಕೆಟ್ಟಿರಲಿಲ್ಲ, ನಮ್ಮನೇದು ಅಂತ ಮಾತ್ರ ಅನ್ನಿಸ್ತಿರಲಿಲ್ಲ.

ಅಂಕಲ್ ಅಂಗೈಗೆ ಒಂದು ಚಿಟಿಕೆ ಹಾಕ್ಕೊಂಡು ತುಂಬಾ ಹೊತ್ತು ಮೂಸಿದ್ರು. ಚೆನ್ನಾಗಿಲ್ಲ ಅಂತ ಅನ್ನಲಿಲ್ಲ.

"ಆ ಹಳ್ಳಿಯವರು ಎಂತ ಮಾಡ್ತಾರೆ ಗೊತ್ತುಂಟಾ? ಕೊಯ್ಲಿಗೆ ಮೊದಲು ದ್ರಾಕ್ಷಿ ನೋಡ್ತಾರೆ. ಸರಿ ಇಲ್ಲ ಅಂತಾದರೆ ಆ ವರ್ಷ ಇಡೀ ಊರಲ್ಲಿ ಶಾತೋ ಶಾಲೋಂ ಇಲ್ಲ."

"ಅವರ ಮನೆ ನಡೀಬೇಕಲ್ವಾ ಅಂಕಲ್?"

"ನಡೀಬೇಕು. ವೈನ್ ಏನು ಚೆಲ್ಲುವುದಿಲ್ಲ ಮಾರಾಯ, ಬೇರೆ ಹೆಸರಲ್ಲಿ ಮಾರ್ತಾರೆ. ಊರ ಹೆಸರು ಮಾತ್ರ ಹಾಕುವುದಿಲ್ಲ."

ನನ್ನ ಹೆಂಡ್ತಿ ಲೇಬಲ್ ಕಟ್ಟು ಎತ್ತಿ ಒಳಗಿಟ್ಟು ಬಂದ್ಲು.

ಬರೀ "ಹುಳಿಪುಡಿ" ಅಂತಿರೋ ಪ್ಯಾಕೆಟ್ ತಗೊಂಡು ಅಂಗಡಿಗೆ ಹೋಗಿ ಕಾರಣಾನೂ ಹೇಳ್ದೆ. "ಇದೇನ್ರೀ, ನಿಮ್ಮ ಮಾಲನ್ನ ನೀವೇ ಕಮ್ಮಿ ಅಂತೀರಲ್ಲ?" ಅಂತ ಅಂಗಡಿಯವರು ನಕ್ಕು ಕೆಳಗಡೆ ಮೂಲೇಲಿಟ್ರು. ಶೆಲ್ಫು ಬೇರೆಯವರಿಗೆ ಹೋಯ್ತು, ನಾನು ವೇರ್‌ಹೌಸಿಗೆ ಹೋದೆ. ತಮ್ಮ ಮಾತಿಂದ ಹಿಂಗಾಯ್ತಲ್ಲ ಅಂತ ಅಂಕಲ್‌ಗೆ ಒಳಗೊಳಗೇ ಬೇಜಾರಿತ್ತು. ಭಾನುವಾರ ಭಾನುವಾರ ಆ ಪ್ಯಾಕೆಟ್ ತಾವೇ ಕೊಂಡು ಚರ್ಚಲ್ಲಿ ಹಂಚೋರು.

"ಬಂಗುಡೆ ಮೀನಿಗೆ ಬಹಳ ಒಳ್ಳೇದಾಗ್ತದೆ ಅಂತೆ," ಅಂತ ಬಂದು ಹೇಳೋರು. ನನ್ನ ಹೆಂಡ್ತಿ ಮುಖ ಕಿವುಚ್ಕೊಳ್ಳೋಳು.

ಆಮೇಲೆ ಹೊಸ ಮೆಣಸಿನಕಾಯಿ ಬಂತು. ಬಣ್ಣ ನೋಡಿ ಅವಳೇ ಲೇಬಲ್ ಕಟ್ಟು ಹೊರಗೆ ತಂದ್ಲು. ಅಷ್ಟೊತ್ತಿಗೆ ಅಂಕಲ್ ಆಸ್ಪತ್ರೇಲಿದ್ರು, ಉಸಿರಿನ ತೊಂದರೆ. ಮೊದಲನೇ ಪ್ಯಾಕೆಟ್ ಅವರಿಗೆ ತಗೊಂಡು ಹೋದೆ. ಆ ಉದ್ದ ಮೂಗಿಗೆ ಆಕ್ಸಿಜನ್ ಪೈಪ್ ಹಾಕಿದ್ರು. ಪ್ಯಾಕೆಟ್ ಬಿಚ್ಚಿ ಹತ್ರ ಹಿಡಿದೆ. ಏನೂ ಗೊತ್ತಾಗ್ತಿಲ್ಲ ಅಂತ ತಲೆ ಆಡಿಸಿದ್ರು. ಆಮೇಲೆ ಕನ್ನಡಕ ಕೇಳಿ ಹಾಕಿಸ್ಕೊಂಡು, ಲೇಬಲ್ ಮೇಲೆ ಬೆರಳಿಟ್ಟು ನಿಧಾನಕ್ಕೆ ಓದಿದ್ರು.

"ಅರಸೀಕೆರೆ ಅಂತ ಹಾಕಿದ್ದೀಯಲ್ಲ," ಅಂದ್ರು. "ಹಾಗಾದರೆ ಒಳ್ಳೇದೇ ಉಂಟು."

ಆ ವಾರವೇ ಹೋದ್ರು.

ಅಂಗಡಿಯವರು ಈಗ ಫೋನ್ ಮಾಡಿದ್ರೆ ಮೊದ್ಲು ಕೇಳೋದೇ, "ಈ ಸಲ ಊರ ಹೆಸರು ಇದ್ಯಾ ಇಲ್ವಾ?" ನಾನು ಒಂದು ಚಿಟಿಕೆ ಅಂಗೈಗೆ ಹಾಕ್ಕೊಂಡು ಮೂಸಿ ಹೇಳ್ತೀನಿ. ಈ ದೀಪಾವಳಿಗೆ ಇಲ್ಲ ಅಂದೆ.