ಗಾದೆಮ್ಮನ ಜಾಮೀನು

ಗದ್ದೆಯ ಮೋಟಾರು ಕೆಟ್ಟು ನಿಂತ ಹೊತ್ತಿನಲ್ಲಿ ಸಿರುಗುಪ್ಪ ತಾಲ್ಲೂಕಿನಲ್ಲಿ ಪಕ್ಕೀರಪ್ಪನಷ್ಟು ದೊಡ್ಡ ಮನುಷ್ಯ ಮತ್ತೊಬ್ಬನಿಲ್ಲ. ರೈತ ತಾನೇ ಬೈಕು ತಂದು ಅವನ ಮನೆ ಬಾಗಿಲಲ್ಲಿ ನಿಲ್ಲಿಸುತ್ತಾನೆ. ‘ಅಣ್ಣಾ, ಹತ್ತು’ ಅನ್ನುತ್ತಾನೆ. ಪಾನಾ, ಪಕ್ಕಡ, ಪುಲ್ಲರ್ ತುಂಬಿದ ಭಾರದ ಚೀಲವನ್ನು ತಾನೇ ಎತ್ತಿ ಟ್ಯಾಂಕಿನ ಮೇಲೆ ಇಟ್ಟುಕೊಳ್ಳುತ್ತಾನೆ, ದಾರಿಯಲ್ಲಿ ಚಹಾ ಕುಡಿಸುತ್ತಾನೆ. ಮೋಟಾರು ತಿರುಗಿ ಪೈಪಿನ ಬಾಯಲ್ಲಿ ನೀರು ಬಿತ್ತೋ, ದೊಡ್ಡಸ್ತಿಕೆ ಅಲ್ಲಿಗೆ ಮುಗಿಯಿತು. ರೈತ ಸಲಿಕೆ ಹಿಡಿದು ಬದುವಿನ ಕಡೆ ಓಡುತ್ತಾನೆ, ಪಕ್ಕೀರಪ್ಪ ಚೀಲ ಹೆಗಲಿಗೇರಿಸಿಕೊಂಡು ಕಾಲುವೆ ದಂಡೆ ಹಿಡಿದು ನಡೆಯುತ್ತಾನೆ. ಕರೆದುಕೊಂಡು ಹೋಗಲು ಎಲ್ಲರೂ ಬರುತ್ತಾರೆ, ವಾಪಸ್ಸು ಬಿಡಲು ಯಾರಿಗೂ ನೆನಪಾಗುವುದಿಲ್ಲ. ಇಪ್ಪತ್ತೆರಡು ವರ್ಷದಿಂದ ಹೀಗೇ ನಡೆದುಕೊಂಡು ಬಂದಿತ್ತು.

ನಲವತ್ತೆಂಟರ ವಯಸ್ಸಿಗೆ ಬಲಗಾಲಿನ ಮಂಡಿ ತಕರಾರು ತೆಗೆಯಿತು. ಒಂದು ಸೆಕೆಂಡ್ ಹ್ಯಾಂಡ್ ಗಾಡಿ ಇಲ್ಲದೆ ಇನ್ನು ಆಗುವುದಿಲ್ಲ ಎಂದು ಪಕ್ಕೀರಪ್ಪ ಒಂದು ಭಾನುವಾರ ಬಳ್ಳಾರಿಗೆ ಹೋದ. ಹಳೇ ಗಾಡಿ ಮಾರುವವನ ಶೆಡ್ಡಿನಲ್ಲಿ ಕಪ್ಪು ಬಣ್ಣದ ಸ್ಪ್ಲೆಂಡರ್ ಒಂದು ಅವನ ಕಣ್ಣಿಗೆ ಬಿತ್ತು. ಇಂಜಿನ್ನಿಗೆ ಕಿವಿಗೊಟ್ಟು ಕೇಳಿದ, ಚೆನ್ನಾಗಿತ್ತು. ಮೂವತ್ತೆಂಟು ಸಾವಿರ. ಕೈಯಲ್ಲಿದ್ದದ್ದು ಒಂಬತ್ತು.

‘ಉಳಿದಿದ್ದಕ್ಕ ಫೈನಾನ್ಸ್ ಮಾಡಿಸ್ಕೋರಿ. ಸಿರುಗುಪ್ಪದಾಗ ಐತಲ್ಲ, ಬಸ್ ಸ್ಟ್ಯಾಂಡಿನ ಹತ್ರ ಆಫೀಸು,’ ಅಂದ ಮಾರುವವನು.

ಮನೆಗೆ ಬಂದು ಹೇಳಿದಾಗ, ಫೈನಾನ್ಸ್ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಹೆಂಡತಿ ಶೈಲಜಾ ಒಲೆ ಮುಂದಿನಿಂದ ಎದ್ದು ಬಂದಳು. ಅವಳ ತಮ್ಮ ದುರ್ಗೇಶ್ ಕುರುಗೋಡಿನಲ್ಲಿ ಫೈನಾನ್ಸ್ ಗಾಡಿ ತೆಗೆದುಕೊಂಡು ಮೆರೆದಿದ್ದ. ಮೂರು ಕಂತು ತಪ್ಪಿತು. ಒಂದು ದಿನ ಹೋಟೆಲ್ ಮುಂದೆ, ಹೆಂಡತಿ ಮಗು ಹಿಂದೆ ಕೂತಿರುವಾಗಲೇ, ಇಬ್ಬರು ಬಂದು ಕೀಲಿ ಕಿತ್ತುಕೊಂಡು ಅವರನ್ನು ಇಳಿಸಿ ಗಾಡಿ ಒಯ್ದರು. ಅವತ್ತಿನಿಂದ ದುರ್ಗೇಶ್ ಆ ಹೋಟೆಲಿಗೆ ಚಹಾಕ್ಕೂ ಹೋಗಿಲ್ಲ.

‘ನಡ್ಯಾಕ ಆಗವಲ್ದಂದ್ರ ಕೆಲಸ ಕಡಿಮಿ ಮಾಡು. ಆದ್ರ ಸಾಲದ ಗಾಡಿ ನಮ್ಮ ಬಾಗಲಿಗೆ ಬ್ಯಾಡ,’ ಅಂದಳು ಶೈಲಜಾ. ‘ಕೂಡಿಡೋಣು. ವರ್ಷ ತಡ ಆದ್ರ ಯಾರು ಏನಂತಾರ?’

ಆದರೂ ಒಮ್ಮೆ ಕೇಳಿ ನೋಡೋಣವೆಂದು ಪಕ್ಕೀರಪ್ಪ ಆಫೀಸಿಗೆ ಹೋದ. ಅಲ್ಲಿಯ ಗುಮಾಸ್ತ, ಪಹಣಿ ಇರುವ ಒಬ್ಬ ಜಾಮೀನುದಾರನನ್ನು ಕರೆದುಕೊಂಡು ಬಾ ಅಂದ. ಪಹಣಿ ಅಂದರೆ ಹೊಲವಿರಬೇಕು. ಹೊಲವಿದ್ದವರೆಲ್ಲ ಪಕ್ಕೀರಪ್ಪನ ಗಿರಾಕಿಗಳು. ಅವರ ಮುಂದೆ ‘ನನಗೊಂದು ಸಹಿ ಹಾಕ್ರಿ’ ಎಂದು ನಿಲ್ಲಲು ಅವನಿಗೆ ಬಾಯಿ ಬರಲಿಲ್ಲ. ಆದ್ದರಿಂದ ಹೆಂಡತಿಯ ಮಾತೇ ಸರಿ ಎಂದು ಒಪ್ಪಿಕೊಂಡ. ಶೈಲಜಾ ಬಿಸ್ಕೀಟಿನ ತಗಡಿನ ಡಬ್ಬಿಯೊಂದನ್ನು ತೊಳೆದು, ದೇವರ ಗೂಡಿನಲ್ಲಿ ಇಟ್ಟು, ಒಂಬತ್ತು ಸಾವಿರವನ್ನು ಅದರಲ್ಲಿ ಹಾಕಿದಳು. ಸಾಲವಿಲ್ಲದೆ ಗಾಡಿ ತರುತ್ತೇನೆಂದು ಪಕ್ಕೀರಪ್ಪ ಗೆಳೆಯರ ಮುಂದೆ ಎದೆ ಸೆಟೆಸಿ ಹೇಳಿಕೊಂಡ. ಆ ಹೆಮ್ಮೆಯೇ ಅವನನ್ನು ಕೆಡಿಸಿತು.

ಮೋಟಾರಿನ ಕೆಲಸದಲ್ಲಿ ಒಂದು ರೂಢಿ ಇದೆ. ಯಾವ ಸಾಮಾನು ಹೋಗಿದೆಯೆಂದು ಬದಲಾಯಿಸುತ್ತೀಯೋ, ಬಿಚ್ಚಿದ ಆ ಹಳೇ ಸಾಮಾನನ್ನು ಮಾಲೀಕನ ಕೈಗೆ ಕೊಟ್ಟು ಬರಬೇಕು. ರೈತನಿಗೆ ಬೇರಿಂಗಿನ ಒಳಗುಟ್ಟು ಗೊತ್ತಿಲ್ಲ, ಕೈಯಲ್ಲಿ ಹಳೆಯದು ಬಿದ್ದರೆ ಒಳಗೆ ಹೊಸದು ಕೂತಿದೆ ಎಂದು ಅವನ ಲೆಕ್ಕ. ಈ ರೂಢಿಯನ್ನು ಪಕ್ಕೀರಪ್ಪ ಇಪ್ಪತ್ತೆರಡು ವರ್ಷ ತಪ್ಪಿಸಿರಲಿಲ್ಲ. ತಪ್ಪಿಸಿದಾಗಲೂ ರೂಢಿಯ ಹೆಸರಿನಲ್ಲೇ ತಪ್ಪಿಸಿದ.

ಆ ಬೇಸಿಗೆ ಬೆಳೆಯ ಹೊತ್ತಿಗೆ ತೆಕ್ಕಲಕೋಟೆಯ ಒಬ್ಬನ ಮೋಟಾರು ಕಿರ್ರೆನ್ನುತ್ತಿತ್ತು. ಬಿಚ್ಚಿ ನೋಡಿದರೆ ಗ್ರೀಸ್ ಒಣಗಿತ್ತು, ಅಷ್ಟೇ. ಪಕ್ಕೀರಪ್ಪ ಬೇರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆದು, ಗ್ರೀಸ್ ಹಚ್ಚಿ, ಅದನ್ನೇ ಮತ್ತೆ ಕೂಡಿಸಿದ. ಹೊಸದಕ್ಕೆ ದುಡ್ಡು ತೆಗೆದುಕೊಂಡ, ಅದು ಡಬ್ಬಿ ಸೇರಿತು. ರೈತನ ಕೈಗೆ ತನ್ನ ಚೀಲದ ತಳದಲ್ಲಿ ಬಿದ್ದಿದ್ದ ಇನ್ಯಾರದೋ ಸವೆದ ಬೇರಿಂಗ್ ಕೊಟ್ಟ. ಅವತ್ತು ರಾತ್ರಿ ಊಟ ಸೇರಲಿಲ್ಲ. ಎರಡನೆಯವನ ಹತ್ತಿರ ಅದೇ ಮಾಡಿದಾಗ ಊಟ ಸೇರಿತು. ಮೂರನೆಯವಳು ದೇಶನೂರಿನ ಗಾದೆಮ್ಮ.

ಗಾದೆಮ್ಮ ಗಂಡನಿಲ್ಲದ ಹೆಂಗಸು, ಅರವತ್ತೈದು ದಾಟಿದವಳು. ನಾಲ್ಕೆಕರೆ ಭತ್ತದ ಗದ್ದೆಯನ್ನು ಯಾರ ಕೈಗೂ ಕೊಡದೆ ತಾನೇ ನಿಂತು ಮಾಡಿಸುವವಳು. ಬಾಯಿ ಜೋರು. ಕೂಲಿಯವರಿಂದ ಹಿಡಿದು ರೈಸ್ ಮಿಲ್ಲಿನ ಸಾಹುಕಾರನವರೆಗೆ ಯಾರನ್ನೂ ಬಿಟ್ಟವಳಲ್ಲ. ಪಕ್ಕೀರಪ್ಪನನ್ನು ಮಾತ್ರ ‘ತಮ್ಮಾ’ ಅನ್ನುತ್ತಿದ್ದಳು. ಅವನು ಕೊಟ್ಟ ಸುಳ್ಳು ಬೇರಿಂಗನ್ನು ಅವಳು ತಿರುಗಿಸಿ ಕೂಡ ನೋಡಲಿಲ್ಲ, ಸೆರಗಿನಲ್ಲಿ ಕಟ್ಟಿಕೊಂಡಳು. ಮಜ್ಜಿಗೆ ಕೊಟ್ಟಳು. ಪಕ್ಕೀರಪ್ಪ ಆ ಮಜ್ಜಿಗೆಯನ್ನೂ ಕುಡಿದ.

ಅವಳು ಅವನನ್ನು ದಾರಿಯಲ್ಲಿ ನೋಡಿದ್ದು ಯುಗಾದಿ ಕಳೆದ ಮೇಲೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದಳು. ಉರಿಬಿಸಿಲಲ್ಲಿ ಚೀಲ ಹೊತ್ತು, ಒಂದು ಕಾಲು ಎಳೆಯುತ್ತ ಪಕ್ಕೀರಪ್ಪ ಹೋಗುತ್ತಿದ್ದ. ಅಷ್ಟು ವರ್ಷ ತನ್ನ ಗದ್ದೆಯಿಂದಲೂ ಅವನು ಹೀಗೇ ವಾಪಸ್ಸು ಹೋಗುತ್ತಿದ್ದನಲ್ಲ ಎಂದು ಅವಳಿಗೆ ಆಗ ಹೊಳೆಯಿತು. ಮರುದಿನವೇ ಫೋನು ಮಾಡಿ ಬೈದಳು.

‘ಒಂದು ಗಾಡಿ ತಗೊಳ್ಳಾಕ ಏನು ಧಾಡಿ ನಿನಗ?’

ಪಕ್ಕೀರಪ್ಪ ಆಫೀಸಿನಲ್ಲಿ ನಡೆದದ್ದನ್ನು ಹೇಳಿದ. ಫೈನಾನ್ಸಿಗೆ ಪಹಣಿ ಇದ್ದವರ ಜಾಮೀನು ಬೇಕು, ತನಗೆ ಯಾರೂ ಇಲ್ಲ ಅಂದ.

‘ಯಾಕ, ನಾ ಸತ್ತೀನೇನು? ನನ್ನ ಪಹಣಿ ಐತಲ್ಲ. ಸೋಮವಾರ ಬರ್ತೀನಿ, ಆಫೀಸಿನ ಮುಂದ ನಿಂತಿರು.’

ಬೇಡ ಅನ್ನಬೇಕಿತ್ತು. ‘ಬ್ಯಾಡವ್ವಾ, ಕೂಡಿಡಾಕ ಹತ್ತೀವಿ’ ಎಂದು ಒಂದು ಮಾತು ಸಾಕಿತ್ತು. ಅವನ ಬಾಯಿಂದ ಬಂದದ್ದು ‘ಆತವ್ವಾ’ ಎಂಬ ಮಾತು. ಮಂಡಿ ನೋಯುತ್ತಿತ್ತು ನಿಜ. ಆದರೆ ಮಂಡಿಗಿಂತ ಹೆಚ್ಚು ನೋಯುತ್ತಿದ್ದದ್ದು ಆಸೆ. ಶೈಲಜಾಳೂ ಮೆತ್ತಗಾದಳು. ‘ಅಂಥಾ ಆಯಮ್ಮ ತಾನಾಗೇ ಮುಂದ ಬಂದು ಸಹಿ ಮಾಡ್ತಾಳಂದ್ರ ನಿನ್ನ ಮ್ಯಾಗ ಎಷ್ಟು ನಂಬಿಕಿ ಇರಬೇಕು,’ ಎಂದು ಹೇಳುವಾಗ ಅವಳ ಕಣ್ಣು ಒದ್ದೆಯಾಯಿತು. ಪಕ್ಕೀರಪ್ಪ ಕೈ ತೊಳೆಯುವ ನೆಪ ಮಾಡಿ ಹಿತ್ತಲಿಗೆ ಹೋದ. ತೊಳೆಯಲು ಕೈಯಲ್ಲಿ ಏನೂ ಇರಲಿಲ್ಲ.

ಸೋಮವಾರ ಗಾದೆಮ್ಮ ಮದುವೆಗೆ ಹೊರಟವಳ ಹಾಗೆ ಇಳಕಲ್ ಸೀರೆ ಉಟ್ಟು ಬಂದಳು. ಪಹಣಿ, ಆಧಾರ್, ಎರಡು ಫೋಟೋ ಎಲ್ಲವನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ತಂದಿದ್ದಳು. ಆಫೀಸಿನ ಫ್ಯಾನಿನ ಕೆಳಗಿನ ಕುರ್ಚಿಯಲ್ಲಿ ಕೂತು, ಗುಮಾಸ್ತನ ಪ್ರಶ್ನೆಗೆಲ್ಲ ಗಟ್ಟಿಯಾಗಿ ಉತ್ತರ ಕೊಟ್ಟಳು.

‘ಇವರು ನಿಮಗ ಏನಾಗಬೇಕ್ರೀ?’

‘ಏನೂ ಆಗಬೇಕಿಲ್ಲ. ನಮ್ಮ ಮೋಟಾರು ನೋಡೋನು.’

‘ಸಂಬಂಧ ಇಲ್ಲದೋರಿಗೆ ಜಾಮೀನು ನಿಂದ್ರಾಕತ್ತೀರಿ. ನಾಳೆ ಇವರು ಕಟ್ಟಲಿಲ್ಲಂದ್ರ ನೀವು ಕಟ್ಟಬೇಕಾಗ್ತೈತಿ. ಗೊತ್ತೈತಲ್ಲ?’

‘ಗೊತ್ತೈತಿ,’ ಅಂದಳು ಗಾದೆಮ್ಮ. ‘ಇವ ಎಂಥವ ಅಂತ ನಿನಗ ಗೊತ್ತಿಲ್ಲ. ನಾ ಮೋಟಾರಿನ ಹತ್ರ ಹೋಗಿ ನಿಂದ್ರೋದೂ ಇಲ್ಲ. ಬಿಚ್ಚಿದ್ದು ನನ್ನ ಕೈಯಾಗ ಕೊಟ್ಟು, ನಾ ಕೊಟ್ಟಿದ್ದು ಎಣಿಸದಂಗ ಕಿಸೆಕ್ಕ ಹಾಕ್ಕೊಂಡು ಹೋಗೋ ಮನುಷ್ಯ ಇವ. ಎಲ್ಲಿ ಒತ್ತಬೇಕು, ಹೇಳು.’

ಅವಳಿಗೆ ಸಹಿ ಬರುತ್ತಿರಲಿಲ್ಲ. ಗುಮಾಸ್ತ ಇಂಕಿನ ಪ್ಯಾಡು ಮುಂದೆ ಸರಿಸಿದ.

ಸುಮ್ಮನಿದ್ದಿದ್ದರೆ ಮುಗಿದುಹೋಗುತ್ತಿತ್ತು. ಕಂತು ತಪ್ಪದಂತೆ ಕಟ್ಟುವ ಶಕ್ತಿ ಅವನಿಗಿತ್ತು. ಗಾದೆಮ್ಮನಿಗೆ ಒಂದು ಪೈಸೆಯ ತೊಂದರೆ ಆಗುತ್ತಿರಲಿಲ್ಲ, ಮೋಟಾರೂ ನಡೆಯುತ್ತಿತ್ತು. ಇದೆಲ್ಲ ಪಕ್ಕೀರಪ್ಪನಿಗೆ ಆ ಗಳಿಗೆಯಲ್ಲೂ ಹೊಳೆಯಿತು. ಆದರೆ ‘ಬಿಚ್ಚಿದ್ದು ನನ್ನ ಕೈಯಾಗ ಕೊಟ್ಟು’ ಎಂಬ ಮಾತು ಕೇಳಿದ ಮೇಲೆ ಅವನಿಂದ ತಡೆಯಲಾಗಲಿಲ್ಲ. ನೀಲಿ ಹೆಬ್ಬೆಟ್ಟು ಕಾಗದದ ಕಡೆ ಇಳಿಯುವಾಗ ಅವನು ಅಡ್ಡ ಕೈ ಚಾಚಿದ. ಹೆಬ್ಬೆಟ್ಟು ಅವನ ಮುಂಗೈ ಮೇಲೆ ಬಿತ್ತು.

‘ಒತ್ತಬ್ಯಾಡವ್ವಾ. ಆ ಬೇರಿಂಗು ನಿಮ್ಮ ಮೋಟಾರಿನದಲ್ಲ.’

ಗಾದೆಮ್ಮನಿಗೆ ಮೊದಲು ತಿಳಿಯಲಿಲ್ಲ. ಪಕ್ಕೀರಪ್ಪ ನೆಲ ನೋಡುತ್ತ ಎಲ್ಲವನ್ನೂ ಹೇಳಿದ. ಗುಮಾಸ್ತ ಬರೆಯುವುದನ್ನು ನಿಲ್ಲಿಸಿದ. ಕಂತು ಕಟ್ಟಲು ಸಾಲಿನಲ್ಲಿ ನಿಂತಿದ್ದ ನಾಲ್ಕು ಜನ ಹತ್ತಿರ ಸರಿದರು. ಅವರಲ್ಲಿ ಒಬ್ಬ ಪಕ್ಕೀರಪ್ಪನ ಓಣಿಯವನೇ. ನೆಲ ಬಾಯಿ ಬಿಟ್ಟರೆ ಇಳಿದು ಹೋಗಬಹುದಿತ್ತು ಅನ್ನಿಸಿತು ಅವನಿಗೆ.

‘ಹಂಗಾರ ನನ್ನ ಮೋಟಾರಿನಾಗ ಈಗ ಇರೋದು?’

‘ಹಳೇದವ್ವಾ. ಗ್ರೀಸ್ ಹಚ್ಚಿ ಹಾಕೀನಿ.’

‘ಯಾಕ?’

‘ಗಾಡಿ ಸಲುವಾಗಿ.’

ಗಾದೆಮ್ಮ ಬಯ್ಯಲಿಲ್ಲ. ಬೈದಿದ್ದರೆ ಅವನಿಗೆ ಅನುಕೂಲವಾಗುತ್ತಿತ್ತು, ಬಯ್ಗಳಕ್ಕೆ ತಲೆ ತಗ್ಗಿಸಿ ನಿಲ್ಲುವುದು ಗೊತ್ತಿರುವ ಕೆಲಸ. ಅವಳು ಹೆಬ್ಬೆಟ್ಟಿನ ಇಂಕನ್ನು ಗೋಡೆಗೆ ಒರೆಸಿದಳು. ಪಹಣಿಯನ್ನು ಕವರಿಗೆ ಹಾಕಿದಳು, ಫೋಟೋಗಳನ್ನು ಒಂದೊಂದಾಗಿ ಹಾಕಿದಳು. ‘ಕೇಳಿದ್ರ ಕೊಡ್ತಿದ್ನಲ್ಲ, ಪಕ್ಕೀರಪ್ಪ,’ ಅಂದು ಎದ್ದು ಹೋದಳು. ಅವಳ ಬಾಯಲ್ಲಿ ತನ್ನ ಹೆಸರನ್ನು ಅವನು ಕೇಳಿದ್ದು ಅದೇ ಮೊದಲು.

ಊರಿಗೆ ಸುದ್ದಿ ಮುಟ್ಟುವ ಮುನ್ನ ತಾನೇ ಹೇಳಬೇಕೆಂದು ಪಕ್ಕೀರಪ್ಪ ನೇರ ಮನೆಗೆ ಹೋದ. ಶೈಲಜಾ ಕೇಳಿಸಿಕೊಂಡಳು. ದೇವರ ಗೂಡಿನಿಂದ ಡಬ್ಬಿ ತೆಗೆದು ಅವನ ಮುಂದೆ ಇಟ್ಟಳು.

‘ದಿನಾ ಇದಕ್ಕ ಕುಂಕುಮ ಹಚ್ಚೀನಿ. ನನ್ನ ತಮ್ಮ ಸಾಲ ಮಾಡಿ ಮಾನ ಕಳಕೊಂಡ ಅಂತ ಊರೆಲ್ಲಾ ಆಡಿಕೊಂಡ್ರು. ನಾ ನಿನ್ನ ಹೆಸರು ಹೇಳಿ ಅವನಿಗೆ ಬುದ್ಧಿ ಹೇಳ್ತಿದ್ದೆ.’ ಅಷ್ಟು ಹೇಳಿ ಅವಳು ಗೋಡೆಯ ಕಡೆ ತಿರುಗಿ ಕೂತಳು. ಮೂರು ದಿನ ಅವನಿಗೆ ಊಟ ಬಡಿಸಿದಳು, ಮಾತಾಡಿಸಲಿಲ್ಲ.

ಪಕ್ಕೀರಪ್ಪ ಡಬ್ಬಿಯಿಂದ ದುಡ್ಡು ತೆಗೆದು ಮೂರೂ ಮನೆಗೆ ಹೋದ. ತೆಕ್ಕಲಕೋಟೆಯವನು ಅಂಗಳದಲ್ಲೇ ನಿಲ್ಲಿಸಿ ಕೈ ಚಾಚಿ ಇಸಿದುಕೊಂಡ. ಎರಡನೆಯವನು ಓಣಿಯವರನ್ನೆಲ್ಲ ಕರೆದು ಅವರ ಮುಂದೆ ಇಸಿದುಕೊಂಡ. ಗಾದೆಮ್ಮ ಮನೆಯಲ್ಲಿರಲಿಲ್ಲ, ಅಥವಾ ಇದ್ದರೂ ಹೊರಗೆ ಬರಲಿಲ್ಲ. ಅವಳ ಸೊಸೆ ದುಡ್ಡು ಇಸಿದುಕೊಂಡು ಬಾಗಿಲು ಹಾಕಿದಳು. ಗಾಡಿಯ ಮಾತನ್ನು ಮನೆಯಲ್ಲಿ ಮತ್ತೆ ಯಾರೂ ಎತ್ತಲಿಲ್ಲ. ಬಾಗಿಲಿಗೆ ಬೈಕು ತಂದು ನಿಲ್ಲಿಸುವ ರೈತರೂ ಕಡಿಮೆಯಾದರು.

ಕಾಲುವೆಗೆ ನೀರು ಬಿಟ್ಟು ನಾಟಿ ಶುರುವಾದ ಹೊತ್ತಿಗೆ ಗಾದೆಮ್ಮನ ಫೋನು ಬಂತು.

‘ಮೋಟಾರು ನೀರು ಎತ್ತವಲ್ದು. ಬಾ.’

ಪಕ್ಕೀರಪ್ಪ ಓಡುವುದೊಂದು ಬಾಕಿ. ಅವಳು ಬೇರೆ ಯಾರನ್ನೂ ಕರೆಯದೆ ತನ್ನನ್ನೇ ಕರೆದಳಲ್ಲ, ಸಿಟ್ಟು ಇಳಿದಿರಬೇಕು ಅಂದುಕೊಂಡ. ಆಟೋ ಹಿಡಿದು ಹೋದ, ಉಳಿದ ದಾರಿ ನಡೆದ. ಮನೆಯಿಂದ ಹೊರಡುವಾಗಲೇ ಈ ಸಲ ಕೂಲಿ ಕೇಳಬಾರದು ಎಂದು ನಿಶ್ಚಯ ಮಾಡಿದ್ದ.

ಮೋಟಾರಿನ ಮನೆಯ ಮುಂದೆ ಗಾದೆಮ್ಮ ನಿಂತಿದ್ದಳು. ಅವನು ಚೀಲ ಇಳಿಸಿ ಪಾನಾ ತೆಗೆಯುವಷ್ಟರಲ್ಲಿ ಅವಳು ಒಳಗಿದ್ದ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಅವನ ಎದುರಿಗೆ, ಮೂರಡಿ ದೂರದಲ್ಲಿ ಹಾಕಿಕೊಂಡು ಕೂತಳು. ಅವನ ಮುಖ ನೋಡಲಿಲ್ಲ, ಕೈ ನೋಡುತ್ತ ಕೂತಳು. ಇಪ್ಪತ್ತೆರಡು ವರ್ಷದಲ್ಲಿ ಯಾರೂ ಹಾಗೆ ಕೂತಿರಲಿಲ್ಲ. ಕಣ್ಣು ಮುಚ್ಚಿ ಬಿಚ್ಚುತ್ತಿದ್ದ ಬೋಲ್ಟುಗಳು ಅವತ್ತು ಕೈಯಿಂದ ಜಾರಿ ಜಾರಿ ಬಿದ್ದವು.

ಬೇರಿಂಗ್ ಹೊರಗೆ ಬಂತು. ಈ ಸಲ ನಿಜವಾಗಿಯೂ ಹೋಗಿತ್ತು. ಗುಂಡುಗಳು ಸವೆದು ಲಟಲಟ ಆಡುತ್ತಿದ್ದವು.

‘ಅವ್ವಾ, ಇದು ಹೋಗೈತಿ. ಹೊಸದು ಹಾಕಬೇಕು.’

ಗಾದೆಮ್ಮ ಕೈ ಚಾಚಲಿಲ್ಲ. ‘ಸ್ವಲ್ಪ ತಡಿ,’ ಅಂದಳು.

ದಂಡೆಯ ಮೇಲೆ ಬೈಕಿನ ಸದ್ದಾಯಿತು. ಬಂದವನು ತೆಕ್ಕಲಕೋಟೆಯಲ್ಲಿ ಸ್ವಂತ ಅಂಗಡಿ ಇಟ್ಟಿದ್ದ ವೀರಭದ್ರ. ಹತ್ತು ವರ್ಷದ ಹಿಂದೆ ಪಕ್ಕೀರಪ್ಪನ ಹತ್ತಿರವೇ ಈ ಕೆಲಸ ಕಲಿತು ಹೋದವನು. ಗುರುವನ್ನು ಅಲ್ಲಿ ಕಂಡು ಅವನು ಗಲಿಬಿಲಿಗೊಂಡ.

‘ಅಣ್ಣಾ, ನೀನೇ ಅದೀಯಲ್ಲ. ಮತ್ತ ನನ್ನ ಯಾಕ ಕರೆಸ್ಯಾರ?’

ಯಾಕೆಂದು ಪಕ್ಕೀರಪ್ಪನಿಗೆ ತಿಳಿಯಿತು. ಎಣ್ಣೆ ಮೆತ್ತಿದ ಬೇರಿಂಗನ್ನು ಅವನ ಕಡೆ ಚಾಚಿದ.

‘ಇದು ಹೋಗೈತೋ ಇಲ್ಲೋ, ನೋಡಿ ಅವ್ವಾರಿಗೆ ಹೇಳು.’

ವೀರಭದ್ರ ಅದನ್ನು ಬೆರಳಿನಲ್ಲಿ ತಿರುಗಿಸಿದ, ಕಿವಿಯ ಹತ್ತಿರ ಹಿಡಿದ, ಒಮ್ಮೆ ಪಕ್ಕೀರಪ್ಪನ ಮುಖ ನೋಡಿದ. ‘ಹೋಗೈತವ್ವಾ. ಅಣ್ಣ ಹೇಳಿದ್ದು ಖರೆ ಐತಿ,’ ಅಂದ ಮೆಲ್ಲಗೆ.

ಗಾದೆಮ್ಮ ಕುರ್ಚಿ ಸರಿಮಾಡಿಕೊಂಡು ಮತ್ತೆ ಪಕ್ಕೀರಪ್ಪನ ಕೈಗಳ ಕಡೆ ತಿರುಗಿದಳು.

‘ಈಗ ಹಾಕು,’ ಅಂದಳು.