ನಮ್ಮ ಮನೆಯ ಇಲಿ

ನಿನ್ನೆ ಕೆಟ್ಟ ಕನಸು ಬಿತ್ತು. ತೀರಿಹೋದ ಅಪ್ಪ ನನ್ನ ಗೇಮಿಂಗ್ ಕಂಪ್ಯೂಟರನ್ನು ಕೌದಿಯಲ್ಲಿ ಸುತ್ತಿಕೊಂಡು ನಮ್ಮೂರು ದುಂಡಸಿಯಲ್ಲಿ ಬಸ್ಸಿಗೆ ಕಾಯುತ್ತಿದ್ದ.

ಸಣ್ಣವನಿದ್ದಾಗ ಬಣ್ಣದ ಟಿವಿಯ ಆಸೆಗೆ ಮನೆಯ ಕಪ್ಪು-ಬಿಳುಪು ಟಿವಿಯ ವೈರನ್ನು ನಾನೇ ಕಿತ್ತಿದ್ದೆ. ಕೆಟ್ಟರೆ ಹೊಸದು ಬರುತ್ತದೆ ಎಂದುಕೊಂಡಿದ್ದೆ. ಅಪ್ಪ ಯಾವುದನ್ನೂ ಎಸೆಯುವವನಲ್ಲ. ಟಿವಿಯನ್ನು ಅವ್ವನ ಕೌದಿಯಲ್ಲಿ ಸುತ್ತಿ, ಬಸ್ಸಿನಲ್ಲಿ ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಶಿಗ್ಗಾವಿಗೆ ಒಯ್ದ. ಶಾಲೆ ತಪ್ಪಿಸಿ ನಾನೂ ಹೋಗಿದ್ದೆ.

ರಿಪೇರಿಯವನು ಮುಚ್ಚಳ ಬಿಚ್ಚಿ, "ಕಾಕಾ, ಇದು ಕೆಟ್ಟಿಲ್ರೀ. ಯಾರೋ ಬೇಕಂತನ ವೈರ್ ಜಗ್ಗಿ ಕಿತ್ತಾರ" ಎಂದ.

ಅಪ್ಪ ನನ್ನ ಮುಖ ನೋಡಿದ. "ನಮ್ಮನ್ಯಾಗ ಇಲಿ ಕಾಟ ಭಾಳ ಐತಪಾ" ಎಂದು ನಕ್ಕ. ಸಾಯುವವರೆಗೂ ಆ ಮಾತನ್ನು ಮತ್ತೆ ಎತ್ತಲಿಲ್ಲ.

ಈಗ ನನ್ನ ಕಂಪ್ಯೂಟರಿನಲ್ಲಿ ಹೊಸ ಗೇಮ್ ತಡೆತಡೆದು ಓಡುತ್ತದೆ, ಅಷ್ಟೇ. ಗ್ರಾಫಿಕ್ಸ್ ಕಾರ್ಡ್ ಸುಟ್ಟೇ ಹೋಗಿದೆ, ಹೊಸದು ಬೇಕು ಎಂದು ಹೆಂಡತಿಗೆ ಸುಳ್ಳು ಹೇಳಿದ್ದೇನೆ. "ಹೊಸದು ಆಮ್ಯಾಲ ನೋಡೂಣ್ರಿ, ಮೊದಲ ನಾ ಇದನ್ನ ಅಂಗಡ್ಯಾಗ ತೋರಿಸಿ ಬರ್ತೇನಿ" ಎಂದು ಅವಳು ನಿನ್ನೆ ಸಂಜೆ ಕೌದಿ ತೆಗೆದಿಟ್ಟಳು.

ಅವಳು ಬಸ್ಸು ಹತ್ತುವ ಮೊದಲೇ ನಿಜ ಹೇಳುತ್ತೇನೆ. ನನಗೆ ಓದು ಕಡಿಮೆ. ಕಂಪ್ಯೂಟರ್ ಬಲ್ಲವರು ಇದೊಂದನ್ನು ಹೇಳಿ: ಅದರೊಳಗಿನ ಫ್ಯಾನಿನ ಧೂಳು ತೆಗೆದರೆ ಹಳೆಯ ಕಾರ್ಡೇ ಇನ್ನೊಂದು ವರ್ಷ ನಡೆಯುತ್ತದಲ್ಲವೇ?